ಕಾಕುವಿನ ಪಥ್ಯ

ಭಾಲ್ಕಿ ಕಡೆಯ ಮನೆಗಳಲ್ಲಿ ಯಾವ ಕಾಯಿಲೆಯೂ ನೇರವಾಗಿ ದವಾಖಾನೆಗೆ ಹೋಗುವುದಿಲ್ಲ. ಮೊದಲು ಅಡುಗೆಮನೆಗೆ ಬರುತ್ತದೆ, ಅಲ್ಲಿಂದ ಮನೆಮುಂದಿನ ಕಟ್ಟೆಗೆ ಹೋಗುತ್ತದೆ. ಕಟ್ಟೆಯ ಮೇಲೆ ಓಣಿಯ ನಾಲ್ಕು ಹೆಂಗಸರು ಕೂಡಿ ಅದಕ್ಕೊಂದು ಹೆಸರಿಟ್ಟು, ಔಷಧ ಹೇಳಿ, ಆ ಔಷಧದಿಂದ ಗುಣವಾದವರ ಎರಡು ಕತೆ ಹೇಳಿದ ಮೇಲೆಯೇ ಮುಂದಿನ ಮಾತು. ಹೆಸರುಗಳೂ ಬಹಳ ಇಲ್ಲ. ಉಷ್ಣ, ಥಂಡಿ, ಪಿತ್ತ, ವಾಯು, ದೃಷ್ಟಿ. ಈ ಐದರಲ್ಲಿ ಒಂದಕ್ಕೆ ಸೇರದ ಕಾಯಿಲೆ ಭೂಮಿಯ ಮೇಲೆ ಇರಲಾರದು.

ಕಾಕುವಿನ ಬಾಯಿಹುಣ್ಣಿಗೆ ಉಷ್ಣ ಎಂದು ಹೆಸರಾಯಿತು.

ಕಾಕು ಎಂದರೆ ಓಣಿಗೆಲ್ಲ ಕಾಕು. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ವಯಸ್ಸು ಐವತ್ತೆಂಟು. ಯಜಮಾನರು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಾಟಾದ ಮುಂದೆ ಕೂತು ಕಬ್ಬಿನ ಗಾಡಿ ತೂಗಿಸಿ ನಿವೃತ್ತರಾದವರು. ಮಗ, ಸೊಸೆ, ಎಂಟನೆಯ ಇಯತ್ತೆಯ ಮೊಮ್ಮಗಳು ಜೊತೆಗಿದ್ದಾರೆ. ಮಗಳು ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ.

ತೊಂದರೆ ಶುರುವಾದದ್ದು ಶ್ರಾವಣದಲ್ಲಿ, ಪಂಚಮಿಯ ಉಂಡಿಗಳ ಡಬ್ಬಿ ಇನ್ನೂ ಖಾಲಿಯಾಗದಿದ್ದಾಗ. ಒಂದು ದಿನ ಊಟಕ್ಕೆ ಕೂತ ಕಾಕು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಬಾಯಿಗಿಟ್ಟವರು ತಕ್ಷಣ ತೆಗೆದು ತಾಟಿನಲ್ಲಿಟ್ಟರು. "ಬಾಯಾಗ ಬೆಂಕಿ ಇಟ್ಟಂಗ ಆಗ್ಲತಾದ" ಎಂದರು. ನಾಲಿಗೆಯ ಮೇಲೆ, ಗಲ್ಲದ ಒಳಗೆ ಹಾಲು ಒಡೆದು ಅಂಟಿದಂತೆ ಬಿಳಿ ಬಿಳಿ ಕಲೆ. ರೊಟ್ಟಿ, ಖಾರ, ಬೆಳ್ಳುಳ್ಳಿ ಇವು ಮೂರನ್ನು ಬಿಟ್ಟರೆ ಭಾಲ್ಕಿಯ ಹೆಣ್ಣುಮಗಳಿಗೆ ಊಟದಲ್ಲಿ ಉಳಿಯುವುದು ನೀರು ಮಾತ್ರ.

ಕಟ್ಟೆಯ ವೈದ್ಯ ಮಂಡಳಿ ತಕ್ಷಣ ಸೇರಿತು. "ಉಷ್ಣ ಆಗ್ಯಾದ ಕಾಕು. ಕಲ್ಲುಸಕ್ಕರಿ ಬಾಯಾಗ ಇಟ್ಕೋರಿ" ಎಂದರು ಒಬ್ಬರು. "ಗುಲ್ಕಂದ ಹಚ್ರಿ, ನೆಕ್ಕಿದ್ರ ಥಂಡ ಆಗ್ತದ" ಎಂದರು ಇನ್ನೊಬ್ಬರು. ಮೂರನೆಯವರು ಸಬ್ಜಾ ಬೀಜದ ಸರಬತ್ತು ಹೇಳಿದರು. ಮೂರೂ ಔಷಧಗಳಲ್ಲಿ ಮುಖ್ಯ ವಸ್ತು ಸಕ್ಕರೆ. ಕಾಕು ಮೂರನ್ನೂ ನಿಷ್ಠೆಯಿಂದ ಮಾಡಿದರು, ಕಲೆ ಹೆಚ್ಚಿತು. ಆಗ ಮಗ ಔಷಧಿ ಅಂಗಡಿಯೊಂದಕ್ಕೆ ಹೋಗಿ, ಚೀಟಿ ಇಲ್ಲದೆಯೇ, ಐದು ದಿನದ ಗುಳಿಗೆ ತಂದ. ಅದು ಆಂಟಿಬಯಾಟಿಕ್. ಐದು ದಿನ ಮುಗಿಯುವ ಹೊತ್ತಿಗೆ ಬಿಳುಪು ಗಂಟಲತನಕ ಇಳಿದಿತ್ತು.

ಸುದ್ದಿ ಪುಣೆಗೆ ಮುಟ್ಟಿತು. ಮಗಳು ಮೊಬೈಲಿನಲ್ಲಿ ಅವ್ವನ ನಾಲಿಗೆಯ ಚಿತ್ರ ತರಿಸಿಕೊಂಡಳು, ಒಂದು ರಾತ್ರಿ ಕೂತು ಓದಿದಳು, ಮರುದಿನ ಉದ್ದದ ಪಟ್ಟಿಯೊಂದನ್ನು ಕಳಿಸಿದಳು. ಇದು ಕ್ಯಾಂಡಿಡಾ ಎಂಬ ಶಿಲೀಂಧ್ರ, ಇದಕ್ಕೆ ಸಕ್ಕರೆಯೇ ಆಹಾರ, ಅದನ್ನು ಉಪವಾಸ ಕೆಡವಿದರೆ ತಾನೇ ಸಾಯುತ್ತದೆ ಎಂಬುದು ಪಟ್ಟಿಯ ಸಾರಾಂಶ. ಮೊಮ್ಮಗಳು ಅದನ್ನು ಪಾಠ ಓದಿದಂತೆ ಓದಿ ಹೇಳಿದಳು. ಸಕ್ಕರೆ ಬೇಡ, ಬೆಲ್ಲ ಬೇಡ, ಜೇನು ಬೇಡ. ಮೈದಾ, ಡಬಲ್ ರೊಟ್ಟಿ, ಬಿಸ್ಕೀಟು ಬೇಡ. ಹಣ್ಣು ಬೇಡ, ಒಣಹಣ್ಣು ಮೊದಲೇ ಬೇಡ. ಉಪ್ಪಿನಕಾಯಿ ಬೇಡ, ಶೇಂಗಾ ಬೇಡ, ಅಣಬೆ ಬೇಡ, ಚಹಾ ಬೇಡ.

"ಹಂಗಾದ್ರ ತಿನ್ಲಾಕ ಏನೂ ಇಲ್ಲೇನು?" ಎಂದರು ಕಾಕು.

ಇತ್ತು. ಬೆಣ್ಣೆಹಣ್ಣು, ಬ್ರೊಕೊಲಿ, ಕೇಲ್ ಎಂಬ ಸೊಪ್ಪು, ಕಿನೊವಾ ಎಂಬ ಕಾಳು, ಬಾದಾಮಿ ಹಿಟ್ಟಿನ ರೊಟ್ಟಿ, ಆಲಿವ್ ಎಣ್ಣೆ. ಮಗ ಅಂದು ಸಂಜೆ ಬಜಾರಕ್ಕೆ ಹೋಗಿ ಬಂದ. ಬಾದಾಮಿ ಸಿಕ್ಕಿತು, ಆದರೆ ಅದರ ಬೆಲೆಗೆ ರೊಟ್ಟಿ ಬಡಿಯುವ ಧೈರ್ಯ ಸೊಸೆಗೆ ಆಗಲಿಲ್ಲ. ಬ್ರೊಕೊಲಿ ಕೇಳಿದಾಗ ಕಾಯಿಪಲ್ಯದವಳು ಹೂಕೋಸು ತೋರಿಸಿ, "ಹಸಿರಂದು ಯಾಕ್ರಿ, ಬಿಳೀದೇ ಛಲೋ ಅದ" ಎಂದಳಂತೆ.

ಈ ಪಟ್ಟಿ ಎಲ್ಲಿಂದ ಹೊರಟು ಭಾಲ್ಕಿಯ ಅಡುಗೆಮನೆಗೆ ಬಂತು ಎಂಬುದಕ್ಕೆ ಒಂದು ಇತಿಹಾಸ ಇದೆ. ಕ್ಯಾಂಡಿಡಾ ಎಂಬ ಹೆಸರು ಬಂದದ್ದು ಬಿಳುಪು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ. 1923ರಲ್ಲಿ ಕ್ರಿಸ್ಟೀನ್ ಬರ್ಕ್‌ಹೌಟ್ ಎಂಬ ಡಚ್ ವಿಜ್ಞಾನಿ ಆ ಹೆಸರನ್ನಿಟ್ಟರು. ಅದರಲ್ಲಿ ಮನುಷ್ಯರನ್ನು ಹೆಚ್ಚು ಕಾಡುವ ಜಾತಿಗೆ ಆಲ್ಬಿಕಾನ್ಸ್ ಎಂಬ ಇನ್ನೊಂದು ಹೆಸರೂ ಅಂಟಿದೆ, ಅದರ ಅರ್ಥವೂ ಬಿಳುಪೇ. ಈ ಬಿಳಿಯ ಬಿಳಿ ಜೀವಿ ಹೊರಗಿನಿಂದ ಬರುವ ಶತ್ರುವೇನಲ್ಲ. ಬಹಳಷ್ಟು ಆರೋಗ್ಯವಂತರ ಬಾಯಿ, ಕರುಳುಗಳಲ್ಲಿ ಸದ್ದಿಲ್ಲದೆ ಬಾಡಿಗೆಗೆ ಇರುತ್ತದೆ. ಅದರ ಅಕ್ಕಪಕ್ಕದಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಚೀಟಿ ಇಲ್ಲದೆ ನುಂಗಿದ ಆಂಟಿಬಯಾಟಿಕ್ ಆ ನೆರೆಹೊರೆಯವರನ್ನೇ ಕೊಂದುಬಿಟ್ಟರೆ ಬಾಡಿಗೆದಾರ ಮನೆಯೊಡೆಯನಾಗುತ್ತಾನೆ. ಕಾಕುವಿನ ಬಾಯಿಯಲ್ಲಿ ಆದದ್ದು ಅದೇ.

ಇನ್ನು ಪಥ್ಯದ ಮಾತು. ಅಮೆರಿಕದ ಅಲಬಾಮಾದ ವೈದ್ಯ ಓರಿಯನ್ ಟ್ರಸ್, ಟೆನೆಸಿಯ ವೈದ್ಯ ವಿಲಿಯಂ ಕ್ರೂಕ್ ಇಬ್ಬರೂ 1983ರಲ್ಲಿ ಒಂದೊಂದು ಪುಸ್ತಕ ಬರೆದರು. ದಣಿವು, ತಲೆನೋವು, ಹೊಟ್ಟೆಯುಬ್ಬರ, ಮನಸ್ಸಿನ ಬೇಸರ, ಇವೆಲ್ಲದರ ಹಿಂದೆ ಈ ಶಿಲೀಂಧ್ರವೇ ಇರಬಹುದು, ಸಕ್ಕರೆ ಮತ್ತು ಹುದುಗು ಬಿಟ್ಟರೆ ಗುಣವಾದೀತು ಎಂಬುದು ಅವರ ವಾದ. ಪುಸ್ತಕ ಬಿಸಿ ಮಿರ್ಚಿ ಭಜಿಯಂತೆ ಖರ್ಚಾಯಿತು. ಆದರೆ 1986ರಲ್ಲಿ ಅಲ್ಲಿನ ಅಲರ್ಜಿ ತಜ್ಞರ ಸಂಸ್ಥೆ ಇದಕ್ಕೆ ಆಧಾರ ಸಾಲದು ಎಂದು ಹೇಳಿತು. 1990ರಲ್ಲಿ ಅಲಬಾಮಾದಲ್ಲೇ 42 ಹೆಂಗಸರ ಮೇಲೆ ಪರೀಕ್ಷೆ ನಡೆಯಿತು. ಶಿಲೀಂಧ್ರ ಕೊಲ್ಲುವ ನಿಸ್ಟಾಟಿನ್ ಔಷಧವನ್ನೂ ಸುಳ್ಳು ಗುಳಿಗೆಯನ್ನೂ ಸರದಿಯ ಮೇಲೆ ಕೊಟ್ಟು ನೋಡಿದರು. ಹೆಂಗಸರ ಒಳಅಂಗದ ಉರಿ, ತುರಿಕೆಗೆ ನಿಜವಾದ ಔಷಧ ಕೆಲಸ ಮಾಡಿತು. ದಣಿವು, ಬೇಸರಗಳ ವಿಷಯದಲ್ಲಿ ಸುಳ್ಳು ಗುಳಿಗೆಗಿಂತ ಹೇಳಿಕೊಳ್ಳುವಂಥ ಹೆಚ್ಚುಗಾರಿಕೆ ಕಾಣಲಿಲ್ಲ. 1999ರಲ್ಲಿ ಜರ್ಮನಿಯ ಸಂಶೋಧಕರು ಆರೋಗ್ಯವಂತರಿಗೆ ಸಕ್ಕರೆಯನ್ನು ಹೆಚ್ಚಾಗಿ ಉಣಿಸಿ ನೋಡಿದರು. ಅವರ ಕರುಳಿನ ಕ್ಯಾಂಡಿಡಾ ಅದರಿಂದ ಅಷ್ಟೇನೂ ಹೆಚ್ಚಲಿಲ್ಲ. ಆದರೂ ಪಟ್ಟಿ ಸಾಯಲಿಲ್ಲ. ಪುಸ್ತಕದಿಂದ ಪುಸ್ತಕಕ್ಕೆ, ಮೊಬೈಲಿನಿಂದ ಮೊಬೈಲಿಗೆ ಹರಿದು ಬಂತು.

ಕಾಕುವಿಗೆ ಇದೆಲ್ಲ ಗೊತ್ತಿರಲಿಲ್ಲ. ಮಗಳು ಹೇಳಿದ್ದಾಳೆ ಎಂದ ಮೇಲೆ ಮುಗಿಯಿತು. ವ್ರತ ಹಿಡಿದಂತೆ ಪಥ್ಯ ಹಿಡಿದರು.

ಸಕ್ಕರೆ ಬಿಡುವುದು ಬೇರೆ ಊರಿನಲ್ಲಿ ಬರೀ ನಾಲಿಗೆಯ ಪ್ರಶ್ನೆ. ಭಾಲ್ಕಿ ಕಡೆ ಅದು ಸಂಬಂಧದ ಪ್ರಶ್ನೆ. ಕಾರಂಜಾದ ನೀರು, ಮಾಂಜ್ರಾದ ದಂಡೆ, ಬಾವಿ ಬೋರುಗಳ ಆಸರೆಯಲ್ಲಿ ಕಬ್ಬು ಬೆಳೆದ ಸೀಮೆ ಇದು. ಹಳ್ಳಿಖೇಡದ ಕಾರ್ಖಾನೆ, ಇಮಾಮಪುರದ ನಾರಂಜಾ, ಹುಣಜಿಯ ಮಹಾತ್ಮ ಗಾಂಧಿ ಎಂದು ಸಹಕಾರಿ ಕಾರ್ಖಾನೆಗಳ ಹೆಸರು ರೈತರ ಬಾಯಲ್ಲಿ ನೆಂಟರ ಹೆಸರಿನಂತೆ ಬರುತ್ತವೆ. ಬಿಲ್ಲು ಬಂದ ವರ್ಷ ಮಗಳ ಮದುವೆ, ಬಾರದ ವರ್ಷ ಸಾಲ. ಕಾಕುವಿನ ಮನೆ ಕಟ್ಟಿದ್ದೂ ಸಕ್ಕರೆಯ ಸಂಬಳದಲ್ಲೇ. ಬಂದವರಿಗೆ ಚಹಾ ಕೊಡದಿದ್ದರೆ ಅವಮಾನ, ಕೊಟ್ಟ ಚಹಾ ಕುಡಿಯದಿದ್ದರೆ ಅದಕ್ಕಿಂತ ದೊಡ್ಡ ಅವಮಾನ. ದಸರೆಯ ಹೊತ್ತಿಗೆ ಒಂದು ಸೀಮಂತದ ಮನೆಯಲ್ಲಿ ಕಾಕು ಹೋಳಿಗೆ ಒಲ್ಲೆ ಎಂದದ್ದಕ್ಕೆ, "ನಮ್ಮನಿ ಹೋಳಿಗಿ ಸೇರಲ್ಲೇನು?" ಎಂದು ಬೀಗತಿ ಮುಖ ತಿರುವಿದರು.

ಕಾಕು ಒಂದು ಹೊತ್ತು ಗಂಜಿ, ಒಂದು ಹೊತ್ತು ಕುದಿಸಿದ ಹೂಕೋಸು ಎಂದು ದಿನ ನೂಕಿದರು. ಒಂದೂವರೆ ತಿಂಗಳಲ್ಲಿ ಆರು ಕಿಲೋ ಇಳಿದರು. ಪುಣೆಯ ಮಗಳು ಫೋಟೋ ನೋಡಿ, "ಅವ್ವಾ, ಪಥ್ಯ ಹತ್ತಲತದ ನೋಡು" ಎಂದಳು. ಓಣಿಯವರೂ "ಕಾಕು ಹರೇದವರಂಗ ಆಗ್ಲತಾರ" ಎಂದರು. ಬಾಯಿಯ ಬಿಳುಪು ಮಾತ್ರ ಒಂದು ವಾರ ಇಳಿದು, ಮತ್ತೊಂದು ವಾರ ಏರುತ್ತಿತ್ತು. ಅದಕ್ಕೆ ಪಟ್ಟಿಯಲ್ಲೇ ಉತ್ತರವಿತ್ತು: ಶಿಲೀಂಧ್ರ ಸಾಯುವಾಗ ಹೀಗೆ ಆಗುತ್ತದೆ, ಇನ್ನೂ ಗಟ್ಟಿಯಾಗಿ ಪಥ್ಯ ಮಾಡಿ ಎಂದು. ಗುಣವಾದರೂ ಪಟ್ಟಿ ಸರಿ, ಆಗದಿದ್ದರೂ ಪಟ್ಟಿ ಸರಿ.

ಸಂಶಯ ಬಂದದ್ದು ಸೊಸೆಗೆ. ಮನೆಯಲ್ಲಿ ಕೊಡ ತುಂಬುವವಳಿಗೆ ಕೊಡ ಖಾಲಿಯಾಗುವುದು ಬೇಗ ತಿಳಿಯುತ್ತದೆ. ಅತ್ತೆ ರಾತ್ರಿ ತಲೆದಿಂಬಿನ ಬಳಿ ಇಟ್ಟುಕೊಳ್ಳುವ ಚೊಂಬಿನ ನೀರು ಸಾಲದೆ ಎದ್ದು ಇನ್ನೊಂದು ಚೊಂಬು ಕುಡಿಯುತ್ತಿದ್ದರು. ನಾಲ್ಕು ನಾಲ್ಕು ಸಲ ಹೊರಗೆ ಹೋಗುತ್ತಿದ್ದರು. ಬಚ್ಚಲ ಮೂಲೆಯಲ್ಲಿ ಇರುವೆ ಸಾಲು ಕಟ್ಟಿದ್ದನ್ನು ಕಂಡ ದಿನ ಆಕೆ ಗಂಡನಿಗೆ ಹೇಳಿದಳು: "ಅತ್ತಿಗಿ ಸಕ್ರಿ ಬಿಟ್ಟು ಒಂದೂವರೆ ತಿಂಗಳಾತು. ಇರುವಿ ಯಾಕ ಬರ್ಲತಾವ?"

ಮರುದಿನ ಸರಕಾರಿ ದವಾಖಾನೆಯ ಡಾಕ್ಟರಮ್ಮನ ಮುಂದೆ ಕಾಕು ಕೂತರು. ಡಾಕ್ಟರಮ್ಮ ಹತ್ತಿಯ ಬಟ್ಟೆಯಿಂದ ನಾಲಿಗೆಯನ್ನು ಮೆಲ್ಲಗೆ ಒರೆಸಿದರು. ಬಿಳಿ ಪೊರೆ ಎದ್ದು ಬಂತು, ಕೆಳಗೆ ಕೆಂಪಾಗಿತ್ತು. "ಒರೆಸಿದ್ರ ಬರ್ತಾದ, ಛಲೋ ಆತು" ಎಂದರು. ಒರೆಸಿದರೂ ಬಾರದ ಬಿಳಿ ಕಲೆ ತಂಬಾಕು ಬಳಸುವವರಲ್ಲಿ ಕ್ಯಾನ್ಸರಿನ ಮುನ್ಸೂಚನೆ ಇರಬಹುದು, ಅದನ್ನು ಮನೆಯಲ್ಲಿಟ್ಟುಕೊಂಡು ಕೂರಬಾರದು. ಕಾಕು ಬೆಳಿಗ್ಗೆ ಹಲ್ಲಿಗೆ ಮಿಸಿರಿ ಹಚ್ಚುವವರೆಂದು ತಿಳಿದು, ಅದನ್ನು ಅಂದಿನಿಂದಲೇ ಬಿಡಲು ಹೇಳಿದರು. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡುತ್ತೀರಾ ಎಂದು ಕೇಳಿದರು. ಕಾಕು ಮಲಗುವಾಗಲೂ ತೆಗೆಯುತ್ತಿರಲಿಲ್ಲ. ಆಸ್ತಮಾಕ್ಕೆ ಪಂಪು ಸೇದುತ್ತೀರಾ ಎಂದೂ ಕೇಳಿದರು. ಸ್ಟಿರಾಯ್ಡ್ ಪಂಪು ಸೇದಿ ಬಾಯಿ ಮುಕ್ಕಳಿಸದವರಿಗೂ ಇದು ಬರುತ್ತದೆ.

ಆಮೇಲೆ ಮಗನನ್ನು ಹೊರಗೆ ಕಳಿಸಿ, ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದರು. ಕಾಕು ಸೊಸೆಯ ಮುಖ ನೋಡಿ ತಲೆ ಬಗ್ಗಿಸಿದರು. ಕೆಳಗಿನ ತುರಿಕೆ ಆರು ತಿಂಗಳಿಂದ ಇತ್ತು. ಯಾರಿಗೂ ಹೇಳಿರಲಿಲ್ಲ, ಹೇಳುವ ಮಾತೂ ಅವರ ಬಾಯಲ್ಲಿರಲಿಲ್ಲ. ಕಟ್ಟೆಯ ಮೇಲೆ ಎಲ್ಲ ರೋಗಕ್ಕೂ ಹೆಸರುಂಟು, ಇದೊಂದಕ್ಕೆ ಇಲ್ಲ.

ರಕ್ತಪರೀಕ್ಷೆಯಾಯಿತು. ಬರಿಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ಮಧುಮೇಹ ಎಂಬುದು ಲೆಕ್ಕ. ಕಾಕುವಿನದು 212. ಮೂರು ತಿಂಗಳ ಸರಾಸರಿ ಹೇಳುವ ಇನ್ನೊಂದು ಪರೀಕ್ಷೆಯಲ್ಲಿ 6.5 ಇದ್ದರೇ ಮಧುಮೇಹ, ಕಾಕುವಿಗೆ 10ರ ಮೇಲೆ ಬಂತು.

"ಸಕ್ರಿ ಮುಟ್ಟಿಲ್ರಿ ಡಾಕ್ಟರಮ್ಮಾ, ದೇವ್ರಾಣಿ" ಎಂದರು ಕಾಕು, ಕಳ್ಳತನದ ಆರೋಪ ಬಂದವರಂತೆ.

ಡಾಕ್ಟರಮ್ಮ ಸಮಾಧಾನವಾಗಿ ತಿಳಿಸಿ ಹೇಳಿದರು. ರೋಗ ಬಂದು ಬಹಳ ದಿನವಾಗಿದೆ, ಬಾಯಿಹುಣ್ಣು ಅದರ ಡಂಗುರ ಮಾತ್ರ. ರಕ್ತದಲ್ಲಿ ಸಕ್ಕರೆ ಏರಿದಾಗ ಜೊಲ್ಲಿನಲ್ಲೂ ಏರುತ್ತದೆ, ಬಾಯಿ ಒಣಗುತ್ತದೆ, ರೋಗಾಣುಗಳ ಮೇಲೆ ಕಾವಲಿರುವ ಬಿಳಿ ರಕ್ತಕಣಗಳೂ ಸೋಮಾರಿಗಳಾಗುತ್ತವೆ. ಕ್ಯಾಂಡಿಡಾಕ್ಕೆ ಇದಕ್ಕಿಂತ ಸುಗ್ಗಿ ಬೇಕೆ? ಆರು ಕಿಲೋ ಇಳಿದದ್ದರಲ್ಲಿ ಪಥ್ಯದ ಪಾಲೆಷ್ಟು, ಮಧುಮೇಹದ ಪಾಲೆಷ್ಟು ಎಂದು ಬೇರೆ ಮಾಡುವ ತಕ್ಕಡಿ ಇಲ್ಲ. ಹರೆಯದವರಂತೆ ಕಂಡದ್ದು ನಿಜವಾಗಿ ಸೊರಗಿದ್ದು. ಹೀಗೇ ಪಟ್ಟಿಯನ್ನೇ ನಂಬಿ ಕೂತಿದ್ದರೆ ಕಣ್ಣಿಗೋ ಕಿಡ್ನಿಗೋ ಪೆಟ್ಟು ಬೀಳಬಹುದಿತ್ತು.

ಬಾಯಿಗೆ ಕ್ಲೋಟ್ರಿಮಜೋಲ್ ದ್ರಾವಣ, ಕೆಳಗಿನ ತೊಂದರೆಗೆ ಬೇರೆ ಔಷಧ, ಸಕ್ಕರೆಗೆ ಗುಳಿಗೆ ಬರೆದುಕೊಟ್ಟರು. ಇಂಥ ಔಷಧಗಳ ಮೂಲಪುರುಷ, ಅಲ್ಲ, ಮೂಲಸ್ತ್ರೀಯರು ಇಬ್ಬರು. ನ್ಯೂಯಾರ್ಕ್ ನಗರದಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ಆಲ್ಬನಿಯಲ್ಲಿದ್ದ ರೇಚಲ್ ಬ್ರೌನ್. ಹೇಜನ್ ಊರೂರ ಮಣ್ಣು ತಂದು ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಗಾಜಿನ ಜಾಡಿಯಲ್ಲಿಟ್ಟು ಟಪಾಲಿನಲ್ಲಿ ಕಳಿಸುತ್ತಿದ್ದರು. ಬ್ರೌನ್ ಅದರಿಂದ ಸತ್ವ ತೆಗೆದು ಮರುಟಪಾಲಿಗೆ ಹಾಕುತ್ತಿದ್ದರು. ಹೀಗೆ ವರ್ಜೀನಿಯಾದ ಒಂದು ಹೊಲದ ಮಣ್ಣಿನಿಂದ ಸಿಕ್ಕಿದ್ದೇ ನಿಸ್ಟಾಟಿನ್. 1950ರಲ್ಲಿ ಲೋಕಕ್ಕೆ ತಿಳಿಸಿದರು. ಅದರಿಂದ ಬಂದ ರಾಯಧನವನ್ನು ಇಬ್ಬರೂ ತಮಗೆ ಇಟ್ಟುಕೊಳ್ಳದೆ ಸಂಶೋಧನೆಗೆ ಕೊಟ್ಟುಬಿಟ್ಟರು.

ಏಳುವಾಗ ಕಾಕು ಕೇಳಿದರು: "ಊಟ?"

ಡಾಕ್ಟರಮ್ಮ ಪಟ್ಟಿ ಕೊಡಲಿಲ್ಲ. "ನಿಮ್ಮ ಅತ್ತಿ ಏನು ಉಣ್ತಿದ್ರು ಅದನ್ನೇ ಉಣ್ರಿ. ಹಬ್ಬದ್ದಲ್ಲ, ದಿನದ್ದು" ಎಂದರು.

ಕಾಕು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದರು. ಅತ್ತೆ ಬೆಳಿಗ್ಗೆ ಕಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ಉಣ್ಣುತ್ತಿದ್ದರು. ಚಹಾ ಅವರ ಬಾಯಿಗೆ ಬಿದ್ದದ್ದು ಅರವತ್ತು ದಾಟಿದ ಮೇಲೆ. ಹೋಳಿಗೆ ವರ್ಷಕ್ಕೆ ನಾಲ್ಕು ಸಲ, ಸಕ್ಕರೆ ಬೀಗರು ಬಂದಾಗ.

ಅಂದಿನಿಂದ ಅಡುಗೆಮನೆಯ ಯಜಮಾನಿಕೆ ಸೊಸೆಗೆ ಬಂತು. ಆಕೆ ಮೊಮ್ಮಗಳ ಹಳೆಯ ಪಾಟಿಯನ್ನು ಗೋಡೆಗೆ ತೂಗುಹಾಕಿದಳು. ಅದರ ಮೇಲೆ 'ಬೇಡ' ಎಂಬ ಮಾತನ್ನೇ ಬರೆಯಬಾರದೆಂದು ಮಗಳಿಗೆ ತಾಕೀತು ಮಾಡಿ, ಉಣ್ಣುವುದನ್ನು ಮಾತ್ರ ಬರೆಸಿದಳು. ಮೊದಲ ವಾರ ಬಾಯಿ ಇನ್ನೂ ಹಸಿಹುಣ್ಣು. ಖಾರವಿಲ್ಲದ ಹೆಸರುಬೇಳೆಯ ಕಟ್ಟು, ಮೆತ್ತಗೆ ಬೆಂದ ಹೀರೇಕಾಯಿ, ತಣ್ಣಗಿನ ಮೊಸರು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಟ್ಟಳು. ಮೊಸರಿಗೆ ಹಿಂದಿನಂತೆ ಸಕ್ಕರೆ ಹಾಕದೆ ಚಿಟಿಕೆ ಜೀರಿಗೆ ಹುಡಿ ಹಾಕಿದಳು.

ಎರಡನೆಯ ವಾರಕ್ಕೆ ಬಿಳುಪು ಹೋಗಿ ನಾಲಿಗೆ ಕೆಂಪಗೆ, ನುಣ್ಣಗೆ ತಿರುಗಿತು. ಆಗ ಸೊಪ್ಪುಗಳ ಮೆರವಣಿಗೆ ಶುರುವಾಯಿತು. ಕೇಲ್ ಸಿಗದ ಊರಿನಲ್ಲಿ ಸಿಗುವ ಸೊಪ್ಪುಗಳನ್ನು ಎಣಿಸಿದರೆ ಕೇಲ್ ಬೆಳೆಯುವವರು ನಾಚಬೇಕು. ತೊಗರಿಬೇಳೆ, ಜೋಳದ ನುಚ್ಚು ಕೂಡಿಸಿ ಕುದಿಸಿ, ಕಡೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟ ಪುಂಡಿಪಲ್ಯ. ಕಹಿಯನ್ನು ಬೇಳೆಯಲ್ಲಿ ಅಡಗಿಸಿಕೊಂಡ ಮೆಂತೆಪಲ್ಯ. ರಾಜಗಿರಿ, ಸಬ್ಬಸಗಿ, ಹುಳಿಯ ಚುಕ್ಕಾ. ಬೇಯಿಸುವ ತೊಂದರೆಯೂ ಇಲ್ಲದ ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಎಳೆ ಸೌತೆಕಾಯಿ. ಕಾಯಿಗಳಲ್ಲಿ ಚವಳಿಕಾಯಿ, ಬೆಂಡಿಕಾಯಿ, ಹಾಗಲಕಾಯಿ. ಕಾರೆಳ್ಳಿನ ಮಸಾಲೆ ತುಂಬಿದ ಎಳೆ ಬದನೆಕಾಯಿ.

ಬೀದರ್ ಜಿಲ್ಲೆಯ ಕರಿನೆಲ ಬೇಳೆಕಾಳಿನ ನೆಲ. ತೊಗರಿ, ಉದ್ದು, ಹೆಸರು, ಕಡಲೆ ಎಲ್ಲವೂ ಹೊಲದಿಂದ ನೇರವಾಗಿ ಮನೆಗೆ. ಮೊಳಕೆಯೊಡೆದ ಮಡಿಕೆಕಾಳಿನ ಉಸುಳಿ ಒಂದು ದಿನ, ಕಡಲೆಹಿಟ್ಟಿನ ಝುಣಕ ಇನ್ನೊಂದು ದಿನ. ಪಟ್ಟಿಯಲ್ಲಿ ನಿಷೇಧ ಹೊಂದಿದ್ದ ಶೇಂಗಾ ಹಿಂಡಿಯೂ ಡಾಕ್ಟರಮ್ಮನ ಅಪ್ಪಣೆಯಿಂದ ತಾಟಿಗೆ ಮರಳಿತು. ಬೂಸ್ಟು ಹಿಡಿಯದ ಒಳ್ಳೆಯ ಶೇಂಗಾ ಆರಿಸಿದರೆ ಸಾಕು. ಜೊತೆಗೆ ಅಗಸಿ ಹಿಂಡಿ ಬಂತು. ಹಣ್ಣಿನಲ್ಲಿ ಪೇರಲ, ಅದೂ ಒಂದೇ.

ರೊಟ್ಟಿಯ ವಿಷಯದಲ್ಲಿ ಸೊಸೆಗೂ ಅತ್ತೆಗೂ ಒಂದು ಸಣ್ಣ ಜಗಳವಾಯಿತು. ಜೋಳ ಎಂದರೆ ಔಷಧ, ಎಷ್ಟು ತಿಂದರೂ ನಡೆಯುತ್ತದೆ ಎಂದು ಕಾಕು ನಂಬಿದ್ದರು. ನಿಜ, ಜೋಳದಲ್ಲಿ ನಾರಿದೆ, ನೂರು ಗ್ರಾಮಿಗೆ ಸುಮಾರು ಹತ್ತು ಗ್ರಾಂ ಪ್ರೋಟೀನ್ ಇದೆ. ಆದರೆ ಸುಮಾರು ಎಪ್ಪತ್ತು ಗ್ರಾಂ ಪಿಷ್ಟವೂ ಇದೆ. ಹೊಟ್ಟೆಯಲ್ಲಿ ಅದೂ ಸಕ್ಕರೆಯೇ ಆಗುತ್ತದೆ, ಮೈದಾಕ್ಕಿಂತ ಮೆಲ್ಲಗೆ ಅಷ್ಟೆ. ನಾಲ್ಕು ರೊಟ್ಟಿಗೆ ಒಂದು ಸೌಟು ಪಲ್ಯ ಎಂಬ ಹಳೆಯ ಲೆಕ್ಕವನ್ನು ಸೊಸೆ ತಿರುವಿ, ಎರಡು ರೊಟ್ಟಿಗೆ ಮೂರು ಸೌಟು ಪಲ್ಯ ಮಾಡಿದಳು. "ನಮ್ಮತ್ತಿ ನಾಲ್ಕು ಉಣ್ತಿದ್ಲಲ್ಲ" ಎಂದರು ಕಾಕು. "ಅವರು ದಿನಾ ಹೊಲದಾಗ ಸದಿ ತೆಗೀತಿದ್ರು ಅತ್ತಿ. ನೀವು ಟೀವಿ ನೋಡ್ತೀರಿ" ಎಂದಳು ಸೊಸೆ. ಕಾಕು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನದಿಂದ ಸಂಜೆ ಭಾಲ್ಕೇಶ್ವರ ಗುಡಿಯತನಕ ನಡೆದು ಬರತೊಡಗಿದರು.

ಬೆಲ್ಲದ ಭ್ರಮೆ ಬಿಡಿಸುವುದು ಇನ್ನೂ ಕಷ್ಟವಾಯಿತು. ಸಕ್ಕರೆ ವಿಷ, ಬೆಲ್ಲ ಅಮೃತ ಎಂದು ಕಟ್ಟೆಯ ಮಂಡಳಿ ಠರಾವು ಮಾಡಿಯಾಗಿತ್ತು. ಬೆಲ್ಲದಲ್ಲೂ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸಕ್ಕರೆಯೇ ಎಂದಾಗ ಯಜಮಾನರು, "ನಾ ಇಷ್ಟು ವರ್ಷ ತೂಗಿದ ಕಬ್ಬೇ ಅಲ್ಲೇನು ಎರಡೂ" ಎಂದು ನಕ್ಕರು. ಚಹಾದ ಲೆಕ್ಕವನ್ನೂ ಅವರೇ ಹಾಕಿದರು. ಮೊದಲು ಕಾಕು ದಿನಕ್ಕೆ ಆರು ಕಪ್ಪು ಕುಡಿಯುತ್ತಿದ್ದರು. ಕಪ್ಪಿಗೆ ಎರಡು ಚಮಚೆ, ಚಮಚೆಗೆ ಐದು ಗ್ರಾಂ ಎಂದರೆ ದಿನಕ್ಕೆ ಅರವತ್ತು ಗ್ರಾಂ, ತಿಂಗಳಿಗೆ ಎರಡು ಕಿಲೋಕ್ಕೆ ಹತ್ತಿರ. "ಕಾಟಾದ ಮ್ಯಾಲ ಕೂತವಗ ಮನ್ಯಾಗಿನ ತೂಕ ಕಾಣಲಿಲ್ಲ" ಎಂದರು. ಆಮೇಲೆ ಅವರೂ ಸಪ್ಪನ್ನ ಚಹಾಕ್ಕೆ ಇಳಿದರು. ಮೊದಲ ದಿನ ಇಬ್ಬರೂ ಕಷಾಯ ಕುಡಿದಂತೆ ಮುಖ ಮಾಡಿದರು. ಎರಡು ವಾರದ ಮೇಲೆ ನೆಂಟರ ಮನೆಯಲ್ಲಿ ಕೊಟ್ಟ ಚಹಾ ಪಾಯಸದಂತೆ ಹತ್ತಿತು. ನಾಲಿಗೆ ಕಲಿಯುತ್ತದೆ, ತಡವಾಗಿ ಕಲಿಯುತ್ತದೆ.

ಪ್ರಸಾದದ ಪ್ರಶ್ನೆ ಉಳಿದಿತ್ತು. ಹುಗ್ಗಿ ಒಲ್ಲೆ ಎಂದರೆ ದೇವರಿಗೆ ಒಲ್ಲೆ ಎಂದಂತೆ. ಕಾಕು ಅದಕ್ಕೆ ತಾವೇ ದಾರಿ ಕಂಡುಕೊಂಡರು. ಎರಡೂ ಕೈಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿ, ಅಗುಳಷ್ಟು ಬಾಯಿಗಿಟ್ಟು, ಉಳಿದದ್ದನ್ನು ಮೊಮ್ಮಗಳಿಗೆ ಕೊಡುವುದು. ಬೀದರಿಗೆ ಹೋದಾಗ ಗುರುನಾನಕ ಝೀರಾದ ನೀರು ಕುಡಿದು, "ಡಾಕ್ಟರಮ್ಮಗ ಹೇಳಬ್ಯಾಡ್ರಿ, ಸಿಹಿ ಕುಡದೀನಿ" ಎಂದು ನಗಿಸಿದರು.

ಹೀಗೆ ಎಳ್ಳ ಅಮಾವಾಸ್ಯೆ ಬಂತು. ಬೀದರ್ ಸೀಮೆಯಲ್ಲಿ ಅಂದು ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಪುಣೆಯ ಮಗಳೂ ಬಂದಿದ್ದಳು. ಪಾಂಡವರ ಕಲ್ಲುಗಳಿಗೆ ಪೂಜೆಯಾಗಿ, ಹಸಿರು ನಿಂತ ಜೋಳಕ್ಕೆ ಚರಗ ಚೆಲ್ಲಿ ಎಲ್ಲರೂ ಬನ್ನಿಗಿಡದ ನೆರಳಿಗೆ ಬಂದು ಕೂತರು. ಸೊಸೆ ಭಜ್ಜಿಯ ಪಾತ್ರೆ ಬಿಚ್ಚಿದಳು. ಹಸಿ ಕಡಲೆ, ಹಸಿ ತೊಗರಿ, ಅವರೆ, ಬಟಾಣಿ, ಮೆಂತೆ, ಪಾಲಕ, ಬದನೆ, ಗಜ್ಜರಿ ಎಲ್ಲವೂ ಕಡಲೆಹಿಟ್ಟಿನಲ್ಲಿ ಒಂದಾಗಿ ಬೆಂದ ಭಜ್ಜಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಮಣ್ಣಿನ ಗಡಿಗೆಯಲ್ಲಿ ಬೆಳ್ಳುಳ್ಳಿ, ಮಜ್ಜಿಗೆ ಕೂಡಿಸಿದ ಜೋಳದ ಅಂಬಲಿ.

ಮಗಳು ಎಲ್ಲವನ್ನೂ ನೋಡಿ, ಮನಸ್ಸಿನಲ್ಲೇ ತನ್ನ ಪಟ್ಟಿಯೊಡನೆ ಹೋಲಿಸಿದಳೋ ಏನೋ, "ಅವ್ವಾ, ಆ ಪಟ್ಟಿ ಕಳಿಸಿ ನಾ ತಪ್ಪ ಮಾಡ್ದೆ" ಎಂದಳು.

"ನೀ ಕಳಿಸಿದ್ದಕ್ಕ ಬಾಯಿ ಕಡೆ ಲಕ್ಷ್ಯ ಕೊಟ್ವಿ. ಇಲ್ಲಂದ್ರ ಇನ್ನೂ ಕಲ್ಲುಸಕ್ರಿ ಚೀಪ್ತಿದ್ದೆ" ಎಂದರು ಕಾಕು. ಹೋದ ವಾರದ ಪರೀಕ್ಷೆಯಲ್ಲಿ ಬರಿಹೊಟ್ಟೆಯ ಸಕ್ಕರೆ 118ಕ್ಕೆ ಬಂದಿತ್ತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಅಂಕಿಗೆ ದೃಷ್ಟಿ ತಾಗುತ್ತದೆ ಎಂಬ ಅಂಜಿಕೆ.

ರೊಟ್ಟಿಯ ಮೇಲೆ ಭಜ್ಜಿ ಬಿತ್ತು. ಕಾಕು ಒಂದು ತುತ್ತು ತಿಂದು ನಿಧಾನವಾಗಿ ಅಗಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಅವರು ಸೊಸೆಯ ಕಡೆ ಕೈ ಚಾಚಿದರು.

"ಏ ಯವ್ವಾ, ಒಂದು ಹಸಿ ಮೆಣಸಿನಕಾಯಿ ಕೊಡು."